ರಾತ್ರಿ ನಾಲ್ಕು ಸಲ ಏಳುವ ಯಜಮಾನರು

ರಾತ್ರಿ ಹನ್ನೊಂದೂವರೆಗೆ ಒಮ್ಮೆ ಬಚ್ಚಲುಮನೆಯ ಚಿಲಕದ ಸದ್ದು. ಒಂದೂವರೆಗೆ ಇನ್ನೊಮ್ಮೆ. ಮೂರಕ್ಕೆ ಮತ್ತೆ. ಐದಕ್ಕೆ ಹಾಲಿನವನ ಕೂಗಿಗೆ ನಾನು ಎದ್ದರೆ, ನಮ್ಮವರು ನಾಲ್ಕನೆಯ ಸಲ ಹೋಗಿ ಬಂದು ಹಾಸಿಗೆಯ ಅಂಚಿನಲ್ಲಿ ಕೂತಿರುತ್ತಿದ್ದರು. “ಏನ್ರೀ, ನಿದ್ದೆ ಬರಲಿಲ್ವೆ?” ಎಂದರೆ, “ವಯಸ್ಸಾಯ್ತಲ್ಲೇ, ಇನ್ನೇನು” ಎಂಬ ಒಂದೇ ಉತ್ತರ.

ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಅರವತ್ತಾರು ವರ್ಷ ಆದವರಿಗೆ ನಿದ್ದೆ ಕಡಿಮೆಯಾಗುವುದು ಸಹಜ ತಾನೆ? ಆದರೆ ಕಳೆದ ವರ್ಷ ನನ್ನ ತಂಗಿಯ ಮಗಳ ಮದುವೆಗೆ ಹೊರಡುವ ಹಿಂದಿನ ದಿನ ಇದ್ದಕ್ಕಿದ್ದಂತೆ “ನೀನು ಹೋಗಿ ಬಾ, ನಾನು ಮನೆ ನೋಡ್ಕೋತೀನಿ” ಎಂದುಬಿಟ್ಟರು. ಆ ಹುಡುಗಿಯನ್ನು ಎತ್ತಿ ಆಡಿಸಿದವರು! ನನಗೆ ಕೋಪ ಬಂತು, ಅತ್ತೆ. ರಾತ್ರಿ ದೀಪ ಆರಿಸಿದ ಮೇಲೆ ಗೋಡೆಯ ಕಡೆ ತಿರುಗಿಕೊಂಡು ಹೇಳಿದರು: “ಆರು ಗಂಟೆಯ ಬಸ್ಸು ಕಣೇ. ಎರಡು ಕಡೆ ಮಾತ್ರ ನಿಲ್ಲಿಸ್ತಾನೆ. ನನ್ನ ಕೈಲಿ ತಡೆಯೋಕೆ ಆಗೋಲ್ಲ.”

ಸೋದರಿಯರೇ, ಈ ಒಂದು ಮಾತು ಹೇಳಲು ಅವರಿಗೆ ಎರಡು ವರ್ಷ ಬೇಕಾಯಿತು. ನಮ್ಮ ಹೆಂಗಸರ ಕಾಯಿಲೆಗಳನ್ನು ನಾವು ಸಂಕೋಚದಿಂದ ಮುಚ್ಚಿಡುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ. ಗಂಡಸರು ಮುಚ್ಚಿಡುವುದರಲ್ಲಿ ನಮಗಿಂತ ಒಂದು ಕೈ ಮೇಲೆ. ನಾನೇನೂ ಡಾಕ್ಟರಳಲ್ಲ. ಆದರೆ ಆಮೇಲಿನ ಆರು ತಿಂಗಳಲ್ಲಿ ನಾವಿಬ್ಬರೂ ಕಲಿತದ್ದು ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಐದು ನಿಮಿಷದ ತೀರ್ಮಾನ

ಮದುವೆ ಮುಗಿಸಿ ಬಂದವಳೇ ಅವರನ್ನು ಹಟ ಮಾಡಿ ಊರಿನ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಸ್ಕ್ಯಾನಿಂಗ್ ಆಯಿತು. ಡಾಕ್ಟರು ರಿಪೋರ್ಟು ನೋಡಿ, “ಪ್ರಾಸ್ಟೇಟ್ ದೊಡ್ಡದಾಗಿದೆ. ಆಪರೇಷನ್ ಮಾಡಿಬಿಡೋಣ. ಸೋಮವಾರ ಅಡ್ಮಿಟ್ ಆಗಿ” ಎಂದರು. ನಮ್ಮವರು ತಲೆಯಾಡಿಸಿದರು. ಒಂದು ಪ್ರಶ್ನೆ ಕೇಳಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮಕ್ಕಳಿಗೆ “ಪ್ರಶ್ನೆ ಕೇಳ್ರೋ” ಎಂದು ಗದರಿದ ಮೇಷ್ಟ್ರು! ಐದು ನಿಮಿಷದಲ್ಲಿ ನಾವು ಹೊರಗಿದ್ದೆವು.

ಮನೆಗೆ ಬಂದ ಮೇಲೆ ಶುರುವಾಯಿತು ಫೋನುಗಳ ಸುರಿಮಳೆ. ಭಾವನವರು, “ತಡ ಮಾಡಬೇಡಿ, ಆಮೇಲೆ ಅದು ಕ್ಯಾನ್ಸರ್ ಆಗುತ್ತೆ” ಎಂದರು. ಇನ್ನೊಬ್ಬರು, “ಆಪರೇಷನ್ ಮಾತ್ರ ಮಾಡಿಸಬೇಡಿ, ಮಾಡಿಸಿದವರೆಲ್ಲ ಬಟ್ಟೆ ಒದ್ದೆ ಮಾಡ್ಕೋತಾರೆ” ಎಂದರು. ಎರಡೂ ಮಾತು ಸರಿಯಲ್ಲ ಎಂದು ನಮಗೆ ಆಮೇಲೆ ತಿಳಿಯಿತು. ಭಾನುವಾರ ರಾತ್ರಿ ನಮ್ಮವರ ಕೈ ನಡುಗುತ್ತಿದ್ದುದನ್ನು ಕಂಡು, ಸೋಮವಾರದ ಅಡ್ಮಿಷನ್ ಮುಂದಕ್ಕೆ ಹಾಕಿಸಿ, ಜಿಲ್ಲಾ ಕೇಂದ್ರದಲ್ಲಿ ಮೂತ್ರರೋಗಗಳ ತಜ್ಞರೊಬ್ಬರಿಗೆ ತೋರಿಸಿದೆವು. ವಯಸ್ಸಾದ ಡಾಕ್ಟರು. ರಿಪೋರ್ಟನ್ನು ಪಕ್ಕಕ್ಕಿಟ್ಟು ಅವರು ಕೇಳಿದ ಮೊದಲ ಪ್ರಶ್ನೆ: “ಮೇಷ್ಟ್ರೇ, ಇದರಿಂದ ನಿಮಗೆ ಏನೇನು ತೊಂದರೆ ಆಗ್ತಿದೆ? ನಿಧಾನವಾಗಿ ಹೇಳಿ.”

ಏನಿದು ಪ್ರಾಸ್ಟೇಟ್?

ಇದು ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಒಂದು ದೊಡ್ಡ ನೆಲ್ಲಿಕಾಯಿಯಷ್ಟಿರುತ್ತದೆ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ಸುತ್ತಿಕೊಂಡಿರುತ್ತದೆ. ವಯಸ್ಸಾದಂತೆ ಬೆಳೆಯುವುದು ಇದರ ಸ್ವಭಾವ. ಅರವತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ, ಎಂಬತ್ತು ದಾಟಿದವರಲ್ಲಿ ಹತ್ತಕ್ಕೆ ಎಂಟು ಮಂದಿಯಲ್ಲಾದರೂ ಈ ಬೆಳವಣಿಗೆ ಇರುತ್ತದೆ. ಬೆಳೆದ ಗ್ರಂಥಿ ನಾಳವನ್ನು ಒತ್ತಿದರೆ, ತೋಟಕ್ಕೆ ನೀರು ಬಿಡುವ ರಬ್ಬರ್ ಕೊಳವೆಯ ಮೇಲೆ ಯಾರೋ ಕಾಲಿಟ್ಟ ಹಾಗೆ. ಧಾರೆ ಸಣ್ಣಗಾಗುತ್ತದೆ, ನಿಂತು ನಿಂತು ಬರುತ್ತದೆ, ಪೂರ್ತಿ ಖಾಲಿಯಾಗುವುದಿಲ್ಲ. ಮೂತ್ರಕೋಶವೂ ಸಿಡುಕಿನದಾಗಿ ಪದೇ ಪದೇ ಕರೆಯತೊಡಗುತ್ತದೆ.

ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಬೇರೆಯಾಗಿ ಬರಬಹುದು, ಅದು ಬೇರೆ ಕಾಯಿಲೆ. ಅದಕ್ಕಾಗಿ ಡಾಕ್ಟರು ಬೆರಳಿನಿಂದ ಮುಟ್ಟಿ ಪರೀಕ್ಷಿಸುವುದುಂಟು, ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಬರೆದುಕೊಡುವುದುಂಟು. ಬರಿಯ ಗ್ರಂಥಿ ಬೆಳೆದರೂ ಆ ಸಂಖ್ಯೆ ಏರುತ್ತದೆ. ಆದ್ದರಿಂದ ಸಂಖ್ಯೆ ನೋಡಿ ಹೆದರಬಾರದು, ಡಾಕ್ಟರಿಂದ ಅರ್ಥ ತಿಳಿದುಕೊಳ್ಳಬೇಕು.

ಇನ್ನೊಂದು ವಿಚಿತ್ರವೆಂದರೆ, ಗ್ರಂಥಿಯ ಗಾತ್ರಕ್ಕೂ ತೊಂದರೆಗೂ ನೇರ ಸಂಬಂಧವಿಲ್ಲ. ದೊಡ್ಡ ಗ್ರಂಥಿಯವರು ನೆಮ್ಮದಿಯಾಗಿ ನಿದ್ದೆ ಮಾಡುವುದುಂಟು, ಸಣ್ಣದಾಗಿ ಬೆಳೆದವರು ಒದ್ದಾಡುವುದುಂಟು. ಸ್ಕ್ಯಾನಿಂಗಿನ ಕಾಗದವೊಂದೇ ತೀರ್ಮಾನ ಹೇಳಲಾರದು.

ಏಳು ಪ್ರಶ್ನೆ, ಮೇಲೊಂದು

ಆ ಡಾಕ್ಟರು ನಮ್ಮವರ ಕೈಗೆ ಒಂದು ಹಾಳೆ ಕೊಟ್ಟರು. 1992ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರ ಸಂಘ ಸಿದ್ಧಪಡಿಸಿದ ಪ್ರಶ್ನೆಗಳು ಇವು. ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ಕಳೆದ ಒಂದು ತಿಂಗಳಲ್ಲಿ ಹೋಗಿ ಬಂದ ಮೇಲೂ ಪೂರ್ತಿ ಖಾಲಿಯಾಗಲಿಲ್ಲ ಎನಿಸಿತೆ? ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಯಿತೆ? ನಿಂತು ನಿಂತು ಬಂತೆ? ತಡೆದುಕೊಳ್ಳುವುದು ಕಷ್ಟವಾಯಿತೆ? ಧಾರೆ ಸಣ್ಣದಾಗಿತ್ತೆ? ಮುಕ್ಕಬೇಕಾಯಿತೆ? ರಾತ್ರಿ ಎಷ್ಟು ಸಲ ಎದ್ದಿರಿ? ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ, ಒಟ್ಟು 35. ಏಳರವರೆಗೆ ಬಂದರೆ ಸ್ವಲ್ಪ ತೊಂದರೆ, 8ರಿಂದ 19 ಮಧ್ಯಮ, 20ರ ಮೇಲೆ ತೀವ್ರ. ಜೀವಮಾನವೆಲ್ಲ ಬೇರೆಯವರಿಗೆ ಅಂಕ ಹಾಕಿದ ನಮ್ಮವರು ತಮಗೇ ಹಾಕಿಕೊಂಡರು: ಹದಿನೇಳು.

ಹಾಳೆಯ ಕೊನೆಗೆ ಎಂಟನೆಯ ಪ್ರಶ್ನೆ ಇತ್ತು. ಈಗ ಇರುವ ಸ್ಥಿತಿ ಹೀಗೆಯೇ ಕೊನೆಯವರೆಗೂ ಮುಂದುವರಿದರೆ ನಿಮಗೆ ಹೇಗನಿಸುತ್ತದೆ ಎಂದು. “ಈ ಏಳರ ಉತ್ತರ ನನಗೆ ಬೇಕು, ಎಂಟನೆಯದು ನಿಮಗೇ ಬೇಕು. ಅದನ್ನು ನಾನು ಹೇಳಲಾರೆ, ಅಮ್ಮಾವರೂ ಹೇಳಲಾರರು” ಎಂದರು ಡಾಕ್ಟರು.

ಊರು ಬದಲಾದರೆ ಕಾಯಿಲೆ ಬದಲಾಗುವುದೇ?

ಈ ಎಂಟನೆಯ ಪ್ರಶ್ನೆಯ ಹಿಂದೆ ಒಂದು ಕಥೆ ಇದೆ. ಅಮೆರಿಕದಲ್ಲಿ ಜಾನ್ ವೆನ್‌ಬರ್ಗ್ ಎಂಬ ಡಾಕ್ಟರು ಊರೂರಿನ ಆಸ್ಪತ್ರೆಗಳ ಲೆಕ್ಕ ತೆಗೆದು, 1984ರಲ್ಲಿ ಒಂದು ಆಶ್ಚರ್ಯದ ಸಂಗತಿ ಬರೆದರು. ಅಯೋವಾ ರಾಜ್ಯದಲ್ಲಿ ಒಂದು ಕಡೆ 85 ವರ್ಷ ತಲುಪುವಷ್ಟರಲ್ಲಿ ನೂರಕ್ಕೆ 15 ಗಂಡಸರಿಗೆ ಪ್ರಾಸ್ಟೇಟ್ ಆಪರೇಷನ್ ಆಗಿರುತ್ತಿತ್ತು. ಅದೇ ರಾಜ್ಯದ ಇನ್ನೊಂದು ಕಡೆ ನೂರಕ್ಕೆ 60ಕ್ಕೂ ಹೆಚ್ಚು ಮಂದಿಗೆ! ಹೆಂಗಸರ ಕಥೆಯೂ ಬೇರೆಯಲ್ಲ. ಮೇಯ್ನ್ ರಾಜ್ಯದ ಒಂದು ಭಾಗದಲ್ಲಿ 70 ವರ್ಷದೊಳಗೆ ಗರ್ಭಕೋಶ ತೆಗೆಸಿಕೊಂಡವರು ನೂರಕ್ಕೆ 20, ಇನ್ನೊಂದು ಭಾಗದಲ್ಲಿ 70. ಕಾಯಿಲೆ ಊರಿಂದೂರಿಗೆ ಅಷ್ಟೊಂದು ಬದಲಾಗುವುದಿಲ್ಲ. ಬದಲಾಗುವುದು ಆ ಊರಿನ ಡಾಕ್ಟರ ಅಭಿಪ್ರಾಯ.

ಬೇಗ ಆಪರೇಷನ್ ಮಾಡಿದರೆ ಆಯಸ್ಸು ಹೆಚ್ಚುತ್ತದೆ ಎಂದು ಕೆಲವು ಡಾಕ್ಟರು ನಂಬಿದ್ದರು. ಹುಡುಕಿ ನೋಡಿದಾಗ, ಸಾಧಾರಣ ತೊಂದರೆ ಇರುವವರಲ್ಲಿ ಹಾಗೇನೂ ಕಾಣಲಿಲ್ಲ. ಆಪರೇಷನ್ನಿನಿಂದ ಸಿಗುವುದು ಆಯಸ್ಸಲ್ಲ, ನೆಮ್ಮದಿ. ನೆಮ್ಮದಿ ಎಂದ ಮೇಲೆ ಯಾರಿಗೆ ಎಷ್ಟು ಬೇಕು, ಅದಕ್ಕಾಗಿ ಎಷ್ಟು ಬೆಲೆ ತೆರಲು ಸಿದ್ಧ ಎಂಬುದನ್ನು ಅನುಭವಿಸುವವನೇ ಹೇಳಬೇಕು. ಅದಕ್ಕೆಂದೇ ಅವರು ರೋಗಿಗಳಿಗಾಗಿ ಒಂದು ವಿಡಿಯೋ ಮಾಡಿಸಿ, ಎರಡೂ ದಾರಿಯ ಲಾಭನಷ್ಟಗಳನ್ನು ಬಿಡಿಸಿ ತೋರಿಸಿದರು. ಅದನ್ನು ನೋಡಿ ತೀರ್ಮಾನಿಸುವ ಏರ್ಪಾಡು ಮಾಡಿದ ಆಸ್ಪತ್ರೆಗಳಲ್ಲಿ ಆಪರೇಷನ್ನುಗಳ ಸಂಖ್ಯೆ ಇಳಿಯಿತು.

ಹಾಗೆಂದು ಆಪರೇಷನ್ನೇ ಕೆಟ್ಟದ್ದೆಂದು ತಿಳಿಯಬೇಡಿ. 1995ರಲ್ಲಿ ಅದೇ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಿಂದ ಒಂದು ವರದಿ ಬಂತು. ಮಧ್ಯಮ ತೊಂದರೆಯ 556 ಮಂದಿಯಲ್ಲಿ ಅರ್ಧ ಜನಕ್ಕೆ ಆಪರೇಷನ್ ಮಾಡಿ, ಇನ್ನರ್ಧ ಜನರನ್ನು ಎಚ್ಚರಿಕೆಯಿಂದ ಕಾದು ನೋಡಿದರು. ಮೂರು ವರ್ಷದಲ್ಲಿ ಕಾದವರ ಪೈಕಿ ಸುಮಾರು ನಾಲ್ಕರಲ್ಲಿ ಒಬ್ಬರು ಆಪರೇಷನ್ ಮಾಡಿಸಿಕೊಂಡರು. ಉಳಿದವರಿಗೆ ಆ ಅವಧಿಯಲ್ಲಿ ಬೇಕಾಗಲಿಲ್ಲ. ಆಪರೇಷನ್ ಆದವರಿಗೆ ಒಟ್ಟಿನಲ್ಲಿ ಹೆಚ್ಚು ಸುಖವಾಯಿತು. ಅದರಲ್ಲೂ ಯಾರಿಗೆ ಮೊದಲೇ ಹೆಚ್ಚು ಬೇಸರವಿತ್ತೋ ಅವರಿಗೇ ಹೆಚ್ಚು. ಬಟ್ಟೆ ಒದ್ದೆಯಾಗುವ ತೊಂದರೆಯೂ ಕಾದವರಿಗಿಂತ ಇವರಲ್ಲಿ ಹೆಚ್ಚೇನೂ ಇರಲಿಲ್ಲ. ನೋಡಿ, ಸುತ್ತಿ ಬಳಸಿ ಮತ್ತೆ ಎಂಟನೆಯ ಪ್ರಶ್ನೆಗೇ ಬಂದೆವು!

ಮುಂದಿರುವ ಮೂರು ದಾರಿ

ಮೊದಲನೆಯದು, ಅಭ್ಯಾಸ ತಿದ್ದಿಕೊಂಡು ಕಾಯುವುದು. ಮಲಗುವ ಎರಡು ಗಂಟೆ ಮುಂಚಿನಿಂದ ನೀರು, ಮಜ್ಜಿಗೆ ಕಡಿಮೆ ಮಾಡುವುದು. ಸಂಜೆಯ ಮೇಲೆ ಕಾಫಿ, ಟೀ ಬಿಡುವುದು. ಹಗಲಿನ ನೀರನ್ನು ಮಾತ್ರ ಕಡಿಮೆ ಮಾಡಬಾರದು. ಒಮ್ಮೆ ಹೋದ ಮೇಲೆ ಒಂದೆರಡು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿದರೆ ಉಳಿದದ್ದೂ ಹೋಗುತ್ತದೆ. ಮಲಬದ್ಧತೆ ಇದ್ದರೆ ತೊಂದರೆ ಹೆಚ್ಚು, ಆದ್ದರಿಂದ ಸೊಪ್ಪು, ಹಣ್ಣು ಊಟದಲ್ಲಿರಲಿ. ನೆಗಡಿ, ಕೆಮ್ಮಿಗೆಂದು ಅಂಗಡಿಯಲ್ಲಿ ಕೇಳಿ ತರುವ ಮಾತ್ರೆ, ಸಿರಪ್ಪುಗಳಲ್ಲಿ ಕೆಲವು ಮೂತ್ರವನ್ನು ಇದ್ದಕ್ಕಿದ್ದಂತೆ ಕಟ್ಟಿಬಿಡುತ್ತವೆ. ಡಾಕ್ಟರನ್ನು ಕೇಳದೆ ಕೊಡಬೇಡಿ. ಬಾರ್ಲಿ ನೀರು ಒಳ್ಳೆಯದಲ್ಲವೇ ಎನ್ನುತ್ತೀರಾ? ಹಗಲು ಕುಡಿದರೆ ತಪ್ಪೇನಿಲ್ಲ, ಆದರೆ ಅದು ಗ್ರಂಥಿಯನ್ನು ಕರಗಿಸುವುದಿಲ್ಲ. ರಾತ್ರಿ ಕುಡಿದರೆ ಇನ್ನೊಂದು ಸಲ ಏಳಬೇಕಾದೀತು, ಅಷ್ಟೆ.

ಎರಡನೆಯದು ಮಾತ್ರೆ. ಇದರಲ್ಲಿ ಎರಡು ಜಾತಿ. ಟ್ಯಾಮ್ಸುಲೋಸಿನ್‌ನಂತಹವು ನಾಳದ ಸುತ್ತಿನ ಸ್ನಾಯುಗಳನ್ನು ಸಡಿಲಿಸುತ್ತವೆ. ಕೆಲವು ದಿನಗಳಲ್ಲೇ ಗುಣ ಕಾಣುತ್ತದೆ. ಎದ್ದು ನಿಂತಾಗ ತಲೆ ಸುತ್ತಬಹುದು. ರಾತ್ರಿ ಏಳುವಾಗ ಒಂದು ನಿಮಿಷ ಹಾಸಿಗೆಯ ಮೇಲೆ ಕೂತು ಆಮೇಲೆ ನಿಲ್ಲಲಿ, ಬಚ್ಚಲ ದಾರಿಯಲ್ಲಿ ಸಣ್ಣ ದೀಪವಿರಲಿ. ಮುಂದೆ ಕಣ್ಣಿನ ಪೊರೆಯ ಆಪರೇಷನ್ ಆಗುವುದಾದರೆ, ಈ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು, ಹಿಂದೆ ತೆಗೆದುಕೊಂಡು ಬಿಟ್ಟಿದ್ದರೂ ಸರಿಯೆ, ಕಣ್ಣಿನ ಡಾಕ್ಟರಿಗೆ ತಪ್ಪದೆ ಹೇಳಬೇಕು. ಈ ಮಾತ್ರೆ ಕಣ್ಣಿನ ಪಾಪೆಯನ್ನು ಸಡಿಲ ಮಾಡುವುದರಿಂದ ಅವರು ಎಚ್ಚರ ವಹಿಸಬೇಕಾಗುತ್ತದೆ.

ಫಿನಾಸ್ಟರೈಡ್, ಡುಟಾಸ್ಟರೈಡ್ ಎಂಬ ಎರಡನೆಯ ಜಾತಿಯವು ಗ್ರಂಥಿಯನ್ನೇ ಕುಗ್ಗಿಸುತ್ತವೆ. ಗುಣ ಕಾಣಲು ಆರು ತಿಂಗಳು ಬೇಕು, ಅದೂ ಗ್ರಂಥಿ ದೊಡ್ಡದಿದ್ದವರಿಗೆ. ಇವು ಪಿ.ಎಸ್.ಎ. ಸಂಖ್ಯೆಯನ್ನು ಅರ್ಧಕ್ಕೆ ಇಳಿಸುತ್ತವೆ, ಹೊಸ ಡಾಕ್ಟರಲ್ಲಿಗೆ ಹೋದರೆ ಅದನ್ನು ಹೇಳಬೇಕು. ಮನೆಯಲ್ಲಿ ಬಸುರಿ ಸೊಸೆಯೋ ಮಗಳೋ ಇದ್ದರೆ, ಒಡೆದ ಅಥವಾ ಪುಡಿಯಾದ ಈ ಮಾತ್ರೆಯನ್ನು ಅವರು ಮುಟ್ಟಕೂಡದು. ಹೊಟ್ಟೆಯಲ್ಲಿ ಗಂಡುಕೂಸಿದ್ದರೆ ಅದರ ಬೆಳವಣಿಗೆಗೆ ತೊಂದರೆಯಾದೀತು. ಮಾವನವರಿಗೆ ಮಾತ್ರೆ ತೆಗೆದುಕೊಡುವ ಕೆಲಸ ಸೊಸೆಯದೇ ಅಲ್ಲವೇ? ಅದಕ್ಕೇ ಹೇಳಿದೆ.

ಮೂರನೆಯದು ಆಪರೇಷನ್. ಹೊಟ್ಟೆ ಕೊಯ್ಯುವುದಿಲ್ಲ. ಸೊಂಟದ ಕೆಳಗೆ ಮರಗಟ್ಟಿಸಿ, ಮೂತ್ರದ ದಾರಿಯಲ್ಲೇ ಸಣ್ಣ ಉಪಕರಣ ಹಾಕಿ, ಅಡ್ಡವಾದ ಭಾಗವನ್ನು ಒಳಗಿನಿಂದ ಕೆರೆದು ತೆಗೆಯುತ್ತಾರೆ. ಇದಕ್ಕೆ ಟಿ.ಯು.ಆರ್.ಪಿ. ಎಂದು ಹೆಸರು. ಲೇಸರಿನಿಂದಲೂ ಮಾಡುತ್ತಾರೆ. ಕೆಲವು ದಿನ ಮೂತ್ರಕ್ಕೆ ನಳಿಕೆ ಇರುತ್ತದೆ. ಧಾರೆಯ ಸುಖ ಮಾತ್ರೆಗಿಂತ ಇದರಲ್ಲೇ ಹೆಚ್ಚು. ರಕ್ತಸ್ರಾವ, ಸೋಂಕು ಕೆಲವರಿಗೆ ಆಗಬಹುದು. ಕಾಯಂ ಬಟ್ಟೆ ಒದ್ದೆಯಾಗುವುದು ತೀರ ಕಡಿಮೆ. ಕೆಲವು ವರ್ಷಗಳ ಮೇಲೆ ಮತ್ತೆ ಮಾಡಿಸಬೇಕಾದವರೂ ಉಂಟು.

ಸಂಕೋಚ ಬಿಟ್ಟು ಇನ್ನೊಂದು ಮಾತು. ಆಪರೇಷನ್ ಆದ ಮೇಲೆ ಹೆಚ್ಚಿನವರಲ್ಲಿ, ಗಂಡ ಹೆಂಡತಿ ಸೇರಿದಾಗ ವೀರ್ಯ ಹೊರಗೆ ಬಾರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ಇದರಿಂದ ಅಪಾಯವಿಲ್ಲ, ಆದರೆ ಮೊದಲೇ ತಿಳಿಯದಿದ್ದರೆ ಗಾಬರಿ. ಮಾತ್ರೆಗಳಲ್ಲೂ ಕೆಲವು ಇದೇ ರೀತಿ ಮಾಡುತ್ತವೆ, ಕೆಲವು ಆಸಕ್ತಿಯನ್ನೇ ಕುಗ್ಗಿಸುತ್ತವೆ. “ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ” ಎಂದು ಬೇರೆಯವರು ತೀರ್ಮಾನಿಸುವಂತಿಲ್ಲ. ಅದು ಆ ಇಬ್ಬರ ವಿಷಯ.

ಯೋಚಿಸಲು ಸಮಯವಿಲ್ಲದ ಸಂದರ್ಭ

ಇಷ್ಟೆಲ್ಲ ಕೂತು ಮಾತಾಡುವುದು ಸಮಯ ಇದ್ದಾಗ. ಮೂತ್ರ ಪೂರ್ತಿ ಕಟ್ಟಿ ಹೊಟ್ಟೆ ಉಬ್ಬಿ ನೋವು ಬಂದರೆ, ಚಳಿಜ್ವರದ ಜೊತೆ ಉರಿಮೂತ್ರವಿದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಒಂದೇ ಸಲ ಕಂಡು ನಿಂತಿದ್ದರೂ ತೋರಿಸಲೇಬೇಕು. ಎಂದೂ ಇಲ್ಲದೆ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗತೊಡಗಿದರೆ ಗದರಬೇಡಿ, ಮರೆಮಾಚಬೇಡಿ. ಮೂತ್ರಕೋಶ ಖಾಲಿಯಾಗದೆ ತುಂಬಿ ಹೊರಚೆಲ್ಲುತ್ತಿರಬಹುದು, ಮೂತ್ರಪಿಂಡಕ್ಕೆ ಅಪಾಯ. ಮತ್ತೆ ಮತ್ತೆ ಮೂತ್ರ ಕಟ್ಟುವುದು, ಮತ್ತೆ ಮತ್ತೆ ಸೋಂಕು, ಮೂತ್ರಕೋಶದಲ್ಲಿ ಕಲ್ಲು, ಮೂತ್ರಪಿಂಡ ಕೆಡುವುದು, ಇವು ಇದ್ದಾಗ ಡಾಕ್ಟರು ಸಾಮಾನ್ಯವಾಗಿ ಆಪರೇಷನ್ನೇ ಸರಿ ಎನ್ನುತ್ತಾರೆ.

ನಮ್ಮ ಕೆಲಸವೇನು?

ಡಾಕ್ಟರು ನನಗೂ ಒಂದು ಕೆಲಸ ಕೊಟ್ಟರು. ಮೂರು ದಿನ, ಇಪ್ಪತ್ನಾಲ್ಕು ಗಂಟೆಯೂ, ಕುಡಿದದ್ದು ಎಷ್ಟು, ಹೋದದ್ದು ಯಾವಾಗ, ಎಷ್ಟು ಎಂದು ಬರೆದಿಡಬೇಕು. ಅಳೆಯಲು ಒಂದು ಪ್ಲಾಸ್ಟಿಕ್ ಜಗ್ಗು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲೇ ಬರೆದೆವು. ನೋಡಿದರೆ, ರಾತ್ರಿ ಊಟಕ್ಕೆ ಎರಡು ಲೋಟ ಮಜ್ಜಿಗೆ, ಮಾತ್ರೆ ನುಂಗಲು ಒಂದು ಚೊಂಬು ನೀರು, ಎದ್ದಾಗಲೆಲ್ಲ ಬಾಯಾರಿಕೆ ಎಂದು ಅರ್ಧ ಲೋಟ! ಹಗಲು ಹೊರಗೆ ಹೋಗಬೇಕೆಂದು ಹೆದರಿ ನೀರೇ ಮುಟ್ಟುತ್ತಿರಲಿಲ್ಲ, ಅದೆಲ್ಲ ರಾತ್ರಿಗೆ ಬೀಳುತ್ತಿತ್ತು. ರಾತ್ರಿ ಹೆಚ್ಚು ಹೋಗುವುದಕ್ಕೆ ಪ್ರಾಸ್ಟೇಟೊಂದೇ ಕಾರಣವಲ್ಲ ಎಂಬುದು ನೆನಪಿರಲಿ. ಸಕ್ಕರೆ ಕಾಯಿಲೆ, ಕಾಲು ಊತ, ಹೃದಯದ ತೊಂದರೆ, ಬಿ.ಪಿ.ಗೆ ಕೊಡುವ ನೀರಿನ ಮಾತ್ರೆ, ಇವೂ ಕಾರಣವಾಗುತ್ತವೆ. ಪ್ರಾಸ್ಟೇಟ್ ತೆಗೆದರೂ ಇವು ಹಾಗೇ ಇರುತ್ತವೆ.

ಡಾಕ್ಟರ ಕೋಣೆಯೊಳಗೆ ನಾನೂ ಹೋದೆ. ಆದರೆ ಅವರ ಪರವಾಗಿ ಉತ್ತರ ಹೇಳಲಿಲ್ಲ. ಇದು ಎಷ್ಟು ಕಷ್ಟವೆಂದು ನಿಮಗೆ ಗೊತ್ತೇ ಇದೆ! ಮನೆಯಲ್ಲೇ ಕೂತು ಪ್ರಶ್ನೆಗಳನ್ನು ಬರೆದುಕೊಂಡಿದ್ದೆವು. ನೀವೂ ಬರೆದುಕೊಳ್ಳಿ:

1. ನಮ್ಮ ಮುಂದೆ ಯಾವ ಯಾವ ದಾರಿಗಳಿವೆ? ಈಗ ಏನೂ ಮಾಡದಿದ್ದರೆ ಏನಾಗುತ್ತದೆ?

2. ಒಂದೊಂದರಿಂದ ಲಾಭವೇನು, ತೊಂದರೆಯೇನು? ಇವರ ವಯಸ್ಸಿಗೆ, ಇವರ ದೇಹಸ್ಥಿತಿಗೆ ಅದು ಎಷ್ಟರಮಟ್ಟಿಗೆ?

3. ಮೂತ್ರಕೋಶದಲ್ಲಿ ಎಷ್ಟು ಉಳಿಯುತ್ತಿದೆ? ಮೂತ್ರಪಿಂಡ ಸರಿಯಾಗಿದೆಯೇ?

4. ಈಗ ನುಂಗುತ್ತಿರುವ ಮಾತ್ರೆಗಳಲ್ಲಿ, ರಕ್ತ ತೆಳುವಾಗಿಸುವುದೂ ಸೇರಿ, ಯಾವುದಾದರೂ ಅಡ್ಡಿಯೇ?

5. ಖರ್ಚೆಷ್ಟು, ಎಷ್ಟು ದಿನದ ವಿಶ್ರಾಂತಿ?

6. ಯೋಚಿಸಿ ಹೇಳಲು ಸಮಯವಿದೆಯೇ? ಮತ್ತೆ ಯಾವಾಗ ಬರಬೇಕು?

ಹೀಗೆ ಕೇಳಿದರೆ ಡಾಕ್ಟರಿಗೆ ಕೋಪ ಬರುವುದಿಲ್ಲವೇ ಎಂದು ನಾನೂ ಹೆದರಿದ್ದೆ. ಬರಲಿಲ್ಲ. “ಚೀಟಿ ತಂದದ್ದು ಒಳ್ಳೆಯದಾಯ್ತು” ಎಂದರು.

ಒಂದೇ ಅಂಕ, ಎರಡು ತೀರ್ಮಾನ

ಅಂದು ನಮ್ಮವರು ನನಗೂ ಹೇಳದಿದ್ದ ಮಾತುಗಳನ್ನು ಡಾಕ್ಟರ ಮುಂದೆ ಹೇಳಿದರು. ಸಂಜೆಯ ವಾಕಿಂಗ್ ಬಿಟ್ಟದ್ದು ಮಂಡಿನೋವಿಗಲ್ಲ, ದಾರಿಯಲ್ಲಿ ಜಾಗವಿಲ್ಲವೆಂದು. ಲೈಬ್ರರಿಗೆ ಹೋಗುವುದನ್ನು ಬಿಟ್ಟದ್ದೂ ಅದಕ್ಕೇ. ಪರೀಕ್ಷೆಯಲ್ಲಿ ಮೂತ್ರಪಿಂಡ ಚೆನ್ನಾಗಿತ್ತು, ಉಳಿಯುತ್ತಿದ್ದ ಮೂತ್ರವೂ ಅಪಾಯದ ಮಟ್ಟದಲ್ಲಿರಲಿಲ್ಲ. “ಮೊದಲು ಅಭ್ಯಾಸ ತಿದ್ದಿಕೊಳ್ತೀನಿ, ಮಾತ್ರೆ ಕೊಡಿ, ಆಪರೇಷನ್ ಆಮೇಲೆ ನೋಡೋಣ” ಎಂದು ಅವರೇ ಹೇಳಿದರು. ಡಾಕ್ಟರು ಒಪ್ಪಿ, ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದರು.

ಅದೇ ದಿನ ಹೊರಗೆ ಬೆಂಚಿನ ಮೇಲೆ ಪರಿಚಯವಾದವರೊಬ್ಬರು ಪುರೋಹಿತರು. ಅವರ ಅಂಕವೂ ಹದಿನೇಳೇ ಅಂತೆ. ಅವರು ಆಪರೇಷನ್ ಮಾಡಿಸಿಕೊಂಡರು. “ಹೋಮಕ್ಕೆ ಕೂತರೆ ಮೂರು ಗಂಟೆ ಏಳೋ ಹಾಗಿಲ್ಲ ತಾಯೀ. ಮಧ್ಯೆ ಎದ್ದರೆ ಮಾನ ಹೋಗುತ್ತೆ, ಹೊಟ್ಟೆಪಾಡೂ ಹೋಗುತ್ತೆ. ಮಾತ್ರೆ ಒಂದು ವರ್ಷ ನೋಡಿದೆ, ಸಾಲಲಿಲ್ಲ” ಎಂದರು. ಅವರ ತೀರ್ಮಾನವೂ ಸರಿ, ನಮ್ಮದೂ ಸರಿ. ಒಬ್ಬರದನ್ನು ಇನ್ನೊಬ್ಬರಿಗೆ ಹಚ್ಚಿದ್ದರೆ ಎರಡೂ ತಪ್ಪಾಗುತ್ತಿತ್ತು.

ನಮ್ಮವರು ಈಗಲೂ ರಾತ್ರಿ ಒಂದು ಸಲ, ಕೆಲವು ದಿನ ಎರಡು ಸಲ ಏಳುತ್ತಾರೆ. ಪೂರ್ತಿ ಗುಣವಾಯಿತೆಂದು ಸುಳ್ಳು ಹೇಳಲಾರೆ. ಮುಂದೆ ಮಾತ್ರೆ ಸಾಲದೆ ಹೋದರೆ ಆಪರೇಷನ್ ಆಗಬಹುದು, ಅದಕ್ಕೆ ಈಗ ಕೈ ನಡುಗುವುದಿಲ್ಲ. ಕಳೆದ ತಿಂಗಳು ತಂಗಿಯ ಮಗಳ ಸೀಮಂತಕ್ಕೆ ಇಬ್ಬರೂ ಅದೇ ಬಸ್ಸಿನಲ್ಲಿ ಹೋದೆವು. ಮೊದಲ ನಿಲ್ದಾಣದಲ್ಲಿ ಕಂಡಕ್ಟರಿಗೆ, “ಐದು ನಿಮಿಷ ನಿಲ್ಸಪ್ಪಾ, ನನಗೆ ಸ್ವಲ್ಪ ನಿಧಾನ ಆಗುತ್ತೆ” ಎಂದು ಎಲ್ಲರ ಮುಂದೆ ಹೇಳಿ ಇಳಿದರು. ಬಸ್ಸು ನಿಂತಿತು.